ಸಪ್ಪಲಮ್ಮನ ಮೊದಲ ಸೊಲ್ಲು

ಸಪ್ಪಲಮ್ಮ ‘ಹೂಂ’ ಅಂದದ್ದು ಮುದ್ದೆ ತಿರುವುವ ಭರದಲ್ಲಿ. ಕೈಯಲ್ಲಿ ಕೋಲು, ಒಲೆಯ ಮೇಲೆ ಕೊತಕೊತ ಕುದಿಯುವ ರಾಗಿ ಹಿಟ್ಟು, ಕಣ್ಣಿಗೆ ಇಳಿಯುವ ಬೆವರು. ಅಂಥ ಹೊತ್ತಿನಲ್ಲಿ ಯಾರಾದರೂ ಬಂದು ನಿಮ್ಮ ಮನೆ ಬರೆದುಕೊಡಿ ಅಂತ ಕೇಳಿದರೂ ಮನುಷ್ಯರು ಹೂಂ ಅಂದಾರು. ಬೇರೆ ಯಾರಾದರೂ ಕೇಳಿದ್ದರೆ, ಮುದ್ದೆ ಇಳಿಸಿದ ಮೇಲೆ ‘ಅಯ್ಯೋ, ನನಗೆ ಸರಿಯಾಗಿ ಕೇಳಿಸಲಿಲ್ಲ’ ಎಂದು ಜಾರಿಕೊಳ್ಳಬಹುದಿತ್ತು. ಆದರೆ ಕೇಳಿದವಳು ಭವ್ಯಶ್ರೀ, ಮಗ ಪ್ರಭುವಿಗೆ ಗೊತ್ತುಮಾಡಿದ ಸೇಲಂ ಹುಡುಗಿ. ಸೊಸೆಯಾಗಿ ಬರುವವಳ ಹತ್ತಿರ ಮೊದಲ ಮಾತಿಗೇ ಜಾರಿಕೊಂಡರೆ ಹೇಗೆ?

ಅವತ್ತು ಹುಡುಗಿ ಕಡೆಯವರು ತಮಿಳುನಾಡಿನ ಧರ್ಮಪುರಿ ಸೀಮೆಯಲ್ಲಿ, ನಲ್ಲಂಪಳ್ಳಿ ಪಕ್ಕದ ಇವರ ಹಳ್ಳಿಗೆ ಮನೆ ನೋಡಲು ಬಂದಿದ್ದರು. ಹೀಗೆ ಬರುವಾಗ ಹುಡುಗಿಯನ್ನು ಕರೆತರುವ ಪದ್ಧತಿ ಇಲ್ಲ. ಆದರೆ ಭವ್ಯಶ್ರೀ ಸೇಲಂನ ಸ್ಕೂಲೊಂದರಲ್ಲಿ ಟೀಚರು. ನಾನಿರೋ ಮನೆ ನಾನು ನೋಡಬೇಡವೇ ಎಂದು ಎಲ್ಲರಿಗಿಂತ ಮೊದಲು ಕಾರು ಹತ್ತಿ ಕೂತಿದ್ದಳಂತೆ. ಗಂಡಸರು ಜಗಲಿಯ ಮೇಲೆ ಕೂತು ಬೋರ್‌ವೆಲ್ಲು, ಮೇಕೆ, ಬಸ್ಸಿನ ಟೈಮು ವಿಚಾರಿಸುತ್ತಿದ್ದಾಗ ಅವಳು ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಸಪ್ಪಲಮ್ಮ ಒಲೆಯ ಕಡೆ ಮುಖ ಮಾಡಿಕೊಂಡು ಹಾಡುತ್ತಿದ್ದಳು. ಕೆಲಸ ಮಾಡುವಾಗ ತಾನು ಹಾಡುತ್ತೇನೆ ಅನ್ನುವುದು ಸ್ವತಃ ಅವಳಿಗೇ ಗೊತ್ತಿರಲಿಲ್ಲ.

“ಅತ್ತೆ, ವಾಯ್ಸ್ ಸೂಪರಾ ಇರುಕ್ಕು!” ಅಂದಳು ಹುಡುಗಿ. “ರಿಸೆಪ್ಷನ್‌ಗೆ ನಾವು ಕರೋಕೆ ಇಡ್ತಾ ಇದ್ದೀವಿ. ಮ್ಯೂಸಿಕ್ ಮಾತ್ರ ಬರ್ತದೆ, ನಾವು ಪಾಡಬೇಕು. ನಮ್ಮನೇಲಿ ತಾತಾನೂ ಪಾಡ್ತಾರೆ. ನಿಮ್ಮ ಕಡೆಯಿಂದ ನೀವೇ ಪಾಡಬೇಕು. ಸರಿಯಾ?”

“ಹೂಂ,” ಅಂದಳು ಸಪ್ಪಲಮ್ಮ. ಹಿಟ್ಟು ಗಂಟಾಗುತ್ತಿತ್ತು.

ಮುದ್ದೆ ಇಳಿಸಿದ ಮೇಲೆ ತಾನು ಏನಕ್ಕೆ ಹೂಂ ಅಂದೆ ಎಂಬುದು ಅವಳ ತಲೆಗೆ ಹೋಯಿತು. ಅಷ್ಟರಲ್ಲಿ ಭವ್ಯಶ್ರೀ ಜಗಲಿಗೆ ಹೋಗಿ ಎಲ್ಲರಿಗೂ ಸಾರಿಬಿಟ್ಟಿದ್ದಳು.

ಇಲ್ಲಿ ಒಂದು ಮಾತು ಹೇಳಬೇಕು. ಸಪ್ಪಲಮ್ಮನಿಗೆ ಹಾಡು ಬರುವುದಿಲ್ಲ ಅಂತಲ್ಲ. ಅವರ ಕಡೆ ಮದುವೆಯೆಂದರೆ ಸೋಬಾನೆ ಇರಲೇಬೇಕು. ಒಬ್ಬಳು ಹಾಡು ಎತ್ತುತ್ತಾಳೆ, ಅಂದರೆ ಮೊದಲ ಸೊಲ್ಲನ್ನು ಒಂಟಿಯಾಗಿ ಹೇಳುತ್ತಾಳೆ; ಸುತ್ತ ಕೂತ ಹೆಂಗಸರು ಅದನ್ನೇ ಹಿಂದೆ ಹೇಳುತ್ತಾರೆ. ಆಮೇಲೆ ಅವಳು ಎರಡನೆಯದಕ್ಕೆ ಹೋಗುತ್ತಾಳೆ. ಆ ಸೀಮೆಯಲ್ಲಿ ಎತ್ತುವವಳು ಅಂದರೆ ಲಕ್ಷ್ಮಕ್ಕ, ಸಪ್ಪಲಮ್ಮನ ಅತ್ತೆ. ಮಾರಂಡಹಳ್ಳಿಯಿಂದ ಕಂಬೈನಲ್ಲೂರಿನ ತನಕ ಮದುವೆಗೆ ಹೇಳಿಕಳಿಸುವವರು ಮೊದಲು ಲಕ್ಷ್ಮಕ್ಕನನ್ನು ಕರೆದು, ಆಮೇಲೆ ಪೂಜಾರಿಯನ್ನು ಕರೆಯುತ್ತಿದ್ದರು. ಮದುವೆಯಾಗಿ ಬಂದ ದಿನದಿಂದ ಸಪ್ಪಲಮ್ಮನ ಜಾಗ ಅತ್ತೆಯ ಪಕ್ಕದಲ್ಲಿ, ಅವಳ ಬಾಯಿಯನ್ನೇ ನೋಡಿಕೊಂಡು. ಅತ್ತೆಯ ಸೊಲ್ಲು ಮುಗಿಯುತ್ತಿದ್ದಂತೆ ಎಲ್ಲರಿಗಿಂತ ಮೊದಲು ಹಿಡಿಯುವವಳು ಇವಳೇ. ಆದರೆ ಒಂದು ಹಾಡನ್ನಾದರೂ ನಾಲ್ಕು ಜನರ ಮುಂದೆ ತಾನಾಗಿ ಎತ್ತಿದವಳಲ್ಲ. ಎತ್ತು ಎಂದು ಯಾರೂ ಹೇಳಲಿಲ್ಲ, ಇವಳೂ ಕೇಳಲಿಲ್ಲ.

ಶಾಲೆಯ ಸತ್ತುಣವು, ಅಂದರೆ ಮಕ್ಕಳ ಮಧ್ಯಾಹ್ನದ ಬಿಸಿಯೂಟದ ಅಡುಗೆ ಅವಳದೇ. ಅನ್ನ ಚೆಲ್ಲುವ ಮಕ್ಕಳನ್ನು ಗದರಿದರೆ ರಸ್ತೆಯಲ್ಲಿ ಹೋಗುವ ಬಸ್ಸು ನಿಂತೀತು, ಅಷ್ಟು ಗಂಟಲು. ಆ ಗಂಟಲೇ ಈಗ ಮದುವೆ ಮಂಟಪ, ಮೈಕು ಅಂತ ನೆನೆದರೆ ಸಾಕು, ಒಣಗಿ ಹೋಗುತ್ತಿತ್ತು.

ನೆಂಟರು ಹೊರಟ ಮೇಲೆ ಅವಳು ನೇರ ಓಡಿದ್ದು ಮಾಲಾಳ ಮನೆಗೆ. ಮಾಲಾ ಊರಿನ ಮಗಳಿರ್ ಕುಳುವಿನ ತಲೈವಿ, ಹೆಂಗಸರ ಸಂಘಕ್ಕೆ ಯಜಮಾನಿ. ಅವಳ ಮನೆಯಲ್ಲಿ ಎದೆಯೆತ್ತರದ ಒಂದು ಸ್ಪೀಕರ್ ಇತ್ತು. ಬಣ್ಣಬಣ್ಣದ ದೀಪ, ಎರಡು ಮೈಕು. ಶನಿವಾರ ಸಂಜೆ ಸಂಘದ ಮಾತು ಬೇಗ ಬೇಗ ಮುಗಿಸಿ ಹೆಂಗಸರೆಲ್ಲ ಮಾಳಿಗೆ ಹತ್ತುತ್ತಿದ್ದರು. ಫೋನಿನಲ್ಲಿ ಕರೋಕೆ ಹಾಕಿ, ಪರದೆಯ ಮೇಲಿನ ತಮಿಳು ಅಕ್ಷರ ನೋಡಿಕೊಂಡು, ಸಿನಿಮಾ ಹಾಡುಗಳನ್ನು ಮನಸಾರೆ ಒದರುತ್ತಿದ್ದರು. ಶ್ರುತಿ ತಪ್ಪಿದರೆ ಕೇಳುವವರಿಲ್ಲ. ಡ್ಯೂಯೆಟ್ಟಿನಲ್ಲಿ ಗಂಡಿನ ಪಾಲು ಯಾರದು ಎಂದು ಜಗಳ ಬೇರೆ. ಸಪ್ಪಲಮ್ಮನೂ ಹೋಗುತ್ತಿದ್ದಳು, ಚಪ್ಪಾಳೆ ತಟ್ಟಲು.

“ಇದೇನು ಮಹಾ ಬಿಡಕ್ಕಾ,” ಅಂದಳು ಮಾಲಾ. “ಅಕ್ಷರ ಬಿಳಿಯಾಗಿರ್ತದೆ. ಅಳದಿಗೆ ತಿರುಗ್ತಾ ಬರ್ತದೆ. ತಿರುಗ್ತಾ ಇರೋವಾಗ್ಲೇ ಪಾಡಬೇಕು, ಅಷ್ಟೇ. ಎಂಟನೇ ಕ್ಲಾಸ್ ತಂಕ ಓದಿದ್ದೀಯಲ್ಲ!”

ಅವಳೇ ಒಂದು ಹಾಡು ಆರಿಸಿದಳು. ತಾಯಿ ಮಗಳಿಗೆ ಜಡೆ ಹೆಣೆಯುತ್ತಾ ಹಾಡುವ, ಯಾವುದೋ ಹಳೇ ಸಿನಿಮಾದ ಹಾಡು. ಸಾಲಿಗೂ ಸಾಲಿಗೂ ನಡುವೆ ಕೊಳಲು ಬರುತ್ತದೆ, ಉಸಿರು ತೆಗೆದುಕೊಳ್ಳಲು ಬೇಕಾದಷ್ಟು ಹೊತ್ತು. ಸಪ್ಪಲಮ್ಮನಿಗೆ ಅದು ಕಂಠಪಾಠ. ಆ ಶನಿವಾರವೇ ಮಾಳಿಗೆಯ ಮೇಲೆ ಎಲ್ಲರ ಮುಂದೆ ಮಾಲಾ ಅವಳ ಕೈಗೆ ಮೈಕು ಕೊಟ್ಟಳು.

ಮ್ಯೂಸಿಕ್ ಶುರುವಾಯಿತು. ಮೊದಲ ಸಾಲು ಬಂತು, ಅಕ್ಷರಗಳು ಒಂದೊಂದಾಗಿ ಹಳದಿಯಾದವು, ಪೂರ್ತಿ ಹಳದಿಯಾಗಿ ಮುಗಿದವು. ಸಪ್ಪಲಮ್ಮ ಸುಮ್ಮನಿದ್ದಳು. ಕೊಳಲು ಶುರುವಾದ ತಕ್ಷಣ ಬಾಯಿ ತೆರೆದು ಆ ಸಾಲನ್ನು ಬಹು ಚೆನ್ನಾಗಿ ಹಾಡಿದಳು. ಪಾಪ, ಆ ಹೊತ್ತಿಗೆ ಎರಡನೆಯ ಸಾಲು ಹಳದಿಯಾಗತೊಡಗಿತ್ತು. ಅದೂ ಮುಗಿಯುವ ತನಕ ಮರ್ಯಾದೆಯಿಂದ ಕಾದು, ಅದನ್ನೂ ಹಾಡಿದಳು. ಕೊನೆಯವರೆಗೆ ಹೀಗೆಯೇ ನಡೆಯಿತು. ಹಾಡು ಮುಗಿದು ಸ್ಪೀಕರ್ ತೆಪ್ಪಗಾದ ಮೇಲೂ ಅವಳ ಬಾಕಿ ಒಂದು ಸಾಲು ಉಳಿದಿತ್ತು. ಅದನ್ನೂ ಬಿಡದೆ ಮುಗಿಸಿದಳು.

ಮಾಳಿಗೆಯ ಮೇಲೆ ಹೆಂಗಸರು ಬಿದ್ದು ಬಿದ್ದು ನಕ್ಕರು. ಕುಪ್ಪಮ್ಮ ಅನ್ನುವವಳಿಗೆ ನೀರು ನೆತ್ತಿಗೆ ಹತ್ತಿ ಬೆನ್ನು ತಟ್ಟಬೇಕಾಯಿತು. “ಲೇ ಅಕ್ಕಾ, ಯಾರು ಮೊದ್ಲು ಏಳ್ತಾರೆ ಅಂತ ಕಾಯ್ತಾ ಇದ್ದೆ? ಆ ಡಬ್ಬಾನಾ?” ಅಂದಳು ಮಾಲಾ. ಸಪ್ಪಲಮ್ಮನಿಗೂ ನಗು ತಡೆಯಲಿಲ್ಲ. ಆದರೆ ತಪ್ಪು ಎಲ್ಲಿದೆ ಎಂದು ಅವಳಿಗೆ ಒಳಗೆ ಚೆನ್ನಾಗಿ ಗೊತ್ತಾಯಿತು. ಇಷ್ಟು ವರ್ಷ ಯಾರದೋ ಸೊಲ್ಲು ಮುಗಿಯಲಿ ಎಂದು ಕಾದ ಬಾಯಿ ಅದು. ತಾನೇ ಮೊದಲು ತೆರೆಯುವುದು ಅದಕ್ಕೆ ಗೊತ್ತಿರಲಿಲ್ಲ.

ಮಾಲಾ ಉಪಾಯ ಮಾಡಿದಳು. ಸಾಲು ಬಂದಾಗಲೆಲ್ಲ ಸಪ್ಪಲಮ್ಮನ ಪಕ್ಕೆಗೆ ಬೆರಳಿನಿಂದ ತಿವಿದಳು. ತಿವಿದರೆ ಹಾಡು ಸರಿಯಾಗಿ ಬರುತ್ತಿತ್ತು, ಬಿಟ್ಟರೆ ಮತ್ತೆ ಒಂದು ಸಾಲು ಹಿಂದೆ. “ರಿಸೆಪ್ಷನ್ ದಿನ ನಿನ್ನ ಸೀರೆ ಇಂದೆ ಅಡಗಿ ಕೂತ್ಕಳ್ಳಲಾ?” ಎಂದು ಕೇಳಿದಳು ಮಾಲಾ.

ಹಾಗಂತ ಆ ಶನಿವಾರಗಳು ಸಂಕಟದವು ಅಂದುಕೊಳ್ಳಬೇಡಿ. ಮೈಕಿನಲ್ಲಿ ಬಂದ ತನ್ನ ದನಿಯನ್ನು ಮೊದಲ ಸಲ ಕೇಳಿದಾಗ ಸಪ್ಪಲಮ್ಮ ಬೆಚ್ಚಿದ್ದಳು. ಎರಡನೆಯ ಸಲ ಅದು ಇಷ್ಟವಾಯಿತು. ಆಮೇಲೆ ಮೈಕು ಕೆಳಗಿಡಲು ಮನಸ್ಸೇ ಬರಲಿಲ್ಲ. ಎಷ್ಟೊಂದು ಜನರ ಜೊತೆಗೆ ಸೇರಿಹೋಗುತ್ತಿದ್ದ ದನಿ ಒಂಟಿಯಾಗಿ ನಿಂತರೆ ಹೀಗಿರುತ್ತದಾ ಎಂದು ಅವಳಿಗೆ ಆಶ್ಚರ್ಯ. ಶಾಲೆಯಲ್ಲಿ ಸಾಂಬಾರು ಕಲಕುವ ಸೌಟನ್ನೇ ಮೈಕು ಮಾಡಿಕೊಂಡಳು. ಸಂಜೆ ಮೇಕೆಗಳಿಗೆ ಸೊಪ್ಪು ಹಾಕುವಾಗ ಅವುಗಳ ಮುಂದೆ ನಿಂತು ಹಾಡಿದಳು.

“ಮೇಕೆಗಳು ಮೇವು ಬಿಟ್ಟು ನಿನ್ ಮುಖ ನೋಡ್ತಾವಲ್ಲೇ,” ಅಂದ ಗಂಡ ಸಣ್ಣಯ್ಯ. “ಒಂದು ಕೆಲ್ಸ ಮಾಡು, ಆಲು ಕರೆಯೋವಾಗ ಪಾಡು, ಜಾಸ್ತಿ ಕೊಟ್ಟಾವು.”

“ನೀವು ಸುಮ್ಕಿರಿ. ಅವುಕ್ಕಾದ್ರೂ ನನ್ ಪಾಟ್ಟು ಕೇಳೋ ಪುಣ್ಯ ಐತೆ,” ಅಂದಳು ಸಪ್ಪಲಮ್ಮ. ಗಂಡನಿಗೆ ಇಂಥ ಉತ್ತರ ಕೊಟ್ಟು ಎಷ್ಟೋ ಕಾಲವಾಗಿತ್ತು. ಸಣ್ಣಯ್ಯ ಖುಷಿಯಾಗಿ ಬೀಡಿ ಹಚ್ಚಿದ.

ಆದರೆ ಮೊದಲ ಸಾಲು ಮಾತ್ರ ಹಾಗೆಯೇ ಕೈಕೊಡುತ್ತಿತ್ತು.

ಸುದ್ದಿ ಲಕ್ಷ್ಮಕ್ಕನ ಕಿವಿಗೆ ಬೀಳದೆ ಇರುತ್ತದೆಯೇ? ಮುದುಕಿಗೆ ಈಚೆಗೆ ಗಂಟಲು ಬಾಡಿತ್ತು. ಮೂರು ಸೊಲ್ಲು ಹೇಳುವಷ್ಟರಲ್ಲಿ ಕೆಮ್ಮು. ಮದುವೆಗೆ ಕರೆಯುವವರೂ ಕಡಿಮೆಯಾಗಿದ್ದರು. ಹಾಡಿನ ವಿಷಯ ಬಂದರೆ ಸಾಕು, ಸಿಡಿಮಿಡಿ. ಒಂದು ಶನಿವಾರ ಎಲೆಯಡಿಕೆ ಚೀಲ ಸೊಂಟಕ್ಕೆ ಸಿಕ್ಕಿಸಿಕೊಂಡು, ಮಾಲಾಳ ಮನೆ ಮೆಟ್ಟಿಲನ್ನು ಗೋಡೆ ಹಿಡಿದು ಹತ್ತಿ, ಯಾರೂ ಕರೆಯದೆಯೇ ಬಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಳು. ನಗುತ್ತಿದ್ದ ಹೆಂಗಸರು ಸೆರಗು ಸರಿಮಾಡಿಕೊಂಡರು.

“ಊಂ, ಆಡು,” ಅಂದಳು ಸೊಸೆಗೆ.

ಮ್ಯೂಸಿಕ್ ಬಂತು. ಮಾಲಾ ತಿವಿದಳು. ಸಪ್ಪಲಮ್ಮ ಪರದೆ ನೋಡಲಿಲ್ಲ, ಅಕ್ಷರ ನೋಡಲಿಲ್ಲ. ಕಣ್ಣು ತಾನಾಗಿ ಅತ್ತೆಯ ಬಾಯಿಗೆ ಹೋಗಿ ಅಂಟಿಕೊಂಡಿತು. ಆ ಬಾಯಿ ಎಲೆಯಡಿಕೆ ಮೆಲ್ಲುತ್ತಿತ್ತು. ಸಾಲುಗಳು ಒಂದಾದ ಮೇಲೊಂದು ಹಳದಿಯಾಗಿ ಹೋದವು. ಇವಳ ಗಂಟಲಿನಿಂದ ಒಂದು ಅಕ್ಷರವೂ ಹೊರಡಲಿಲ್ಲ.

ಲಕ್ಷ್ಮಕ್ಕ ಎದ್ದಳು. “ನನ್ ಬಾಯಾಗೆ ಏನೈತೆ ಅಂತ ಅಂಗೆ ನೋಡ್ತೀಯಾ? ಎತ್ತೋಳು ಯಾರ್ ಬಾಯೂ ನೋಡಬಾರ್ದು,” ಎಂದು ಹೇಳಿ, ಬಂದ ಹಾಗೆಯೇ ಗೋಡೆ ಹಿಡಿದು ಇಳಿದು ಹೋದಳು.

ಸಪ್ಪಲಮ್ಮನಿಗೆ ಸಿಟ್ಟು ಬಂತು. ಅಳು ಬರಬೇಕಾಗಿದ್ದ ಜಾಗದಲ್ಲಿ ಸಿಟ್ಟು. ಇಷ್ಟು ವರ್ಷ ಪಕ್ಕದಲ್ಲಿ ಕೂರಿಸಿಕೊಂಡು ಹಿಂದೆ ಹೇಳಿಸಿದವಳು ಈಗ ನೋಡಬಾರದು ಅಂತಾಳಲ್ಲ, ಯಾರು ಕಲಿಸಿದ್ದು ಇದನ್ನು? ಮನೆಗೆ ಬಂದವಳೇ ಫೋನು ತೆಗೆದುಕೊಂಡು ಭವ್ಯಶ್ರೀಗೆ ಹಚ್ಚಿದಳು. ನನ್ನಿಂದ ಆಗಲ್ಲ ಕಣಮ್ಮಾ ಎಂದು ಹೇಳಿ ಮುಗಿಸಿಬಿಡುವುದೆಂದು ತೀರ್ಮಾನಿಸಿದ್ದಳು.

“ಅತ್ತೆ! ನಾನೇ ಫೋನ್ ಪಣ್ಣಬೇಕು ಅಂತಿದ್ದೆ,” ಅಂದಳು ಭವ್ಯಶ್ರೀ, ಇವಳಿಗೆ ಬಾಯಿ ತೆರೆಯಲೂ ಬಿಡದೆ. “ಮೊದಲ ಪಾಟ್ಟು ನಿಮ್ದೇ ಹಾಕಿಸಿದ್ದೀನಿ. ಅಣ್ಣ ಹರಿಹರನ್ ಲ್ಯಾಪ್‌ಟಾಪ್ ನೋಡ್ಕೊಳ್ತಾನೆ.” ಆಮೇಲೆ ದನಿ ಸ್ವಲ್ಪ ಇಳಿಯಿತು. “ಅತ್ತೆ, ಒಂದು ವಿಷಯ. ನಂಗೆ ನಿಮ್ಮೂರು ಕನ್ನಡ ಸರಿಯಾಗಿ ಬರಲ್ಲ. ನಮ್ಮನೇಲಿ ಪಾಟಿ, ಅಜ್ಜಿ, ಅವರೊಬ್ಬರೇ ಮಾತಾಡ್ತಾರೆ. ಅಲ್ಲಿ ಎಲ್ಲಾರೂ ನಗ್ತಾರೇನೋ ಅಂತ ಭಯ. ಅವತ್ತು ಕಿಚನ್‌ನಲ್ಲಿ ನಿಮ್ಮ ಪಾಟ್ಟು ಕೇಳಿದ್ನಲ್ಲ, ಇವ್ರ ಜೊತೆ ಇರಬಹುದು ಅನ್ನಿಸ್ತು. ನೀವು ಪಾಡಿದ್ರೆ ನಂಗೂ ಧೈರ್ಯ ಬರ್ತದೆ.”

ಸಪ್ಪಲಮ್ಮ ಫೋನು ಕಿವಿಗೆ ಒತ್ತಿಕೊಂಡಳು. ಹೆದರಿಕೊಂಡು ಈ ಮನೆಗೆ ಬಂದ ಇನ್ನೊಬ್ಬ ಹುಡುಗಿಯ ನೆನಪು ಬಂತು. ಅವಳಿಗೆ ಧೈರ್ಯ ಹೇಳಿದವರು ಯಾರೂ ಇರಲಿಲ್ಲ. ಈ ಹುಡುಗಿಗಾದರೂ ಮೊದಲ ದಿನವೇ ಬಾಯಿ ಬಿಗಿದುಕೊಂಡ ಅತ್ತೆಯ ಮುಖ ಕಾಣಬಾರದು.

“ಪಾಡ್ತೀನಿ ಕಣಮ್ಮಾ,” ಅಂದಳು. ಈ ಸಲ ಒಲೆಯ ಮೇಲೆ ಏನೂ ಇರಲಿಲ್ಲ.

ಮದುವೆಯ ಹಿಂದಿನ ಸಂಜೆ ಧರ್ಮಪುರಿಯ ಕಲ್ಯಾಣ ಮಂಟಪದಲ್ಲಿ ರಿಸೆಪ್ಷನ್. ಬಾಗಿಲಲ್ಲಿ ಬಾಳೆಕಂದು, ಒಳಗೆ ಮಲ್ಲಿಗೆ ಮತ್ತು ಬಿರಿಯಾನಿಯ ವಾಸನೆ. ವೇದಿಕೆಯ ಮೇಲೆ ಪ್ರಭು ಕೋಟು ಹಾಕಿಕೊಂಡು ಬೆವರುತ್ತಿದ್ದ. ಭವ್ಯಶ್ರೀ ನೇರಳೆ ಬಣ್ಣದ ಸೀರೆಯಲ್ಲಿ ನಗುತ್ತಿದ್ದಳು. ಪಕ್ಕದಲ್ಲಿ ದೊಡ್ಡ ಪರದೆ, ಲ್ಯಾಪ್‌ಟಾಪಿನ ಮುಂದೆ ಹರಿಹರನ್. ಕೆಳಗೆ ಎದುರು ಸಾಲಿನಲ್ಲಿಯೇ ಲಕ್ಷ್ಮಕ್ಕ, ಅವಳ ಹಿಂದೆ ಊರಿನಿಂದ ವ್ಯಾನಿನಲ್ಲಿ ಬಂದ ಹೆಂಗಸರೆಲ್ಲ. ಮಾಲಾ ವೇದಿಕೆಗೆ ಎಷ್ಟು ಹತ್ತಿರ ಕೂರಬಹುದೋ ಅಷ್ಟು ಹತ್ತಿರ ಕೂತಿದ್ದಳು. ಆದರೂ ಅವಳ ಬೆರಳು ಸಪ್ಪಲಮ್ಮನ ಪಕ್ಕೆಗೆ ಮುಟ್ಟುವಂತಿರಲಿಲ್ಲ.

ಹರಿಹರನ್ ಮೈಕಿನಲ್ಲಿ ಹೆಸರು ಕರೆದ. ಸಪ್ಪಲಮ್ಮ ಮೆಟ್ಟಿಲು ಹತ್ತಿದಳು. ಹತ್ತುವಾಗ ಸೀರೆ ಕಾಲಿಗೆ ಸಿಕ್ಕಿತು, ಸಾವರಿಸಿಕೊಂಡಳು. ಮೈಕು ಕೈಗೆ ಬಂತು. ಎದುರಿಗೆ ಎಷ್ಟೊಂದು ಮುಖಗಳು! ಸೇಲಂನವರು ಕೈಯಲ್ಲಿ ಫೋನು ಎತ್ತಿ ಹಿಡಿದು ವೀಡಿಯೋಗೆ ತಯಾರಾಗಿದ್ದರು.

ಮ್ಯೂಸಿಕ್ ಶುರುವಾಯಿತು. ಪರದೆಯ ಮೇಲೆ ಬಿಳಿ ಅಕ್ಷರ ಮೂಡಿದವು. ಸಪ್ಪಲಮ್ಮ ಮೈಕನ್ನು ಬಾಯಿಯ ಹತ್ತಿರ ತಂದಳು. ಬೇಡ ಬೇಡ ಅಂದುಕೊಂಡರೂ ಕಣ್ಣು ಎದುರು ಸಾಲಿಗೆ ಓಡಿತು, ಅತ್ತೆಯ ಬಾಯಿ ಹುಡುಕಿಕೊಂಡು.

ಲಕ್ಷ್ಮಕ್ಕ ಸೊಸೆಯನ್ನೇ ನೋಡುತ್ತಿದ್ದಳು. ಕಣ್ಣಿಗೆ ಕಣ್ಣು ಸೇರಿತು. ಮುದುಕಿ ಸೆರಗು ಎಳೆದು, ಮೂಗಿನಿಂದ ಗಲ್ಲದ ತನಕ ಬಾಯಿ ಮುಚ್ಚಿಕೊಂಡು, ಕೈಯನ್ನು ಅದರ ಮೇಲೆ ಗಟ್ಟಿಯಾಗಿ ಅದುಮಿ ಹಿಡಿದಳು. ನೋಡಲು ಕಣ್ಣು ಬಿಟ್ಟು ಬೇರೇನೂ ಉಳಿಯಲಿಲ್ಲ. ಆ ಕಣ್ಣು ಮಾತ್ರ ‘ಊಂ’ ಅನ್ನುತ್ತಿತ್ತು.

ಯಾರೂ ಹೇಳಿಕೊಡುವುದಿಲ್ಲ ಅನ್ನುವುದು ಸಪ್ಪಲಮ್ಮನಿಗೆ ಆಗ ಖಚಿತವಾಯಿತು. ಆಮೇಲೆ ಅವಳು ಏನೂ ಯೋಚಿಸಲಿಲ್ಲ. ಬಾಯಿ ತೆರೆದಳು.

ತೆರೆದದ್ದು ಸ್ವಲ್ಪ ಬೇಗವೇ ಆಯಿತು. ಅಕ್ಷರಗಳು ಇನ್ನೂ ಬಿಳಿಯಾಗಿಯೇ ಇದ್ದವು. ಹರಿಹರನ್ ಗಾಬರಿಯಾಗಿ ಲ್ಯಾಪ್‌ಟಾಪಿನ ಕಡೆ ಬಗ್ಗಿದ. ಆದರೆ ಆ ಸಾಲಿನ ಮೊದಲ ಪದವನ್ನು ಅವಳು ಎಷ್ಟು ನಿರಾಳವಾಗಿ ಎಳೆದಳೆಂದರೆ, ಮ್ಯೂಸಿಕ್ಕೇ ಅವಸರದಿಂದ ಓಡಿಬಂದು ಅವಳ ಜೊತೆ ಸೇರಿಕೊಂಡ ಹಾಗಾಯಿತು. ಸಾಲು ಮುಗಿಯುವಾಗ ಇಬ್ಬರೂ ಸರಿಸಮ. ಮಾಲಾ ಎದ್ದು ನಿಂತು ಸೀಟಿ ಹೊಡೆದಳು. ಸಂಘದ ತಲೈವಿ ಸೀಟಿ ಹೊಡೆಯಬಾರದು ಎಂದು ಯಾವ ಕಾನೂನೂ ಇಲ್ಲ.

ಕೊಳಲು ಬಂತು. ಸಪ್ಪಲಮ್ಮ ಉಸಿರು ತೆಗೆದುಕೊಳ್ಳುತ್ತಿದ್ದಾಗ ಎದುರಿನಿಂದ ಒಂದು ದನಿ ಎದ್ದಿತು. ಒಡಕು ದನಿ, ಕೆಮ್ಮು ಬೆರೆತದ್ದು. ಲಕ್ಷ್ಮಕ್ಕ ಬಾಯಿಯ ಮೇಲಿನ ಸೆರಗು ತೆಗೆದು, ಸೊಸೆ ಹಾಡಿದ ಸಾಲನ್ನೇ ಹಿಂದೆ ಹೇಳುತ್ತಿದ್ದಳು. ತಮಿಳು ಸಿನಿಮಾ ಹಾಡು ಅವಳಿಗೆಲ್ಲಿ ಗೊತ್ತು? ಕೇಳಿಸಿದ ಹಾಗೆ ಹೇಳಿದಳು. ಅವಳ ಹಿಂದೆ ಕುಪ್ಪಮ್ಮ, ಕುಪ್ಪಮ್ಮನ ಹಿಂದೆ ವ್ಯಾನಿನಲ್ಲಿ ಬಂದವರೆಲ್ಲ. ಯಾರೋ ಒಬ್ಬಳು ಎತ್ತಿದಳೆಂದರೆ ಹಿಂದೆ ಹೇಳದೆ ಸುಮ್ಮನೆ ಕೂರಲು ಈ ಹೆಂಗಸರಿಗೆ ಬರುವುದಿಲ್ಲ. ಕೊಳಲಿನ ಜಾಗವನ್ನೆಲ್ಲ ಅವರೇ ತುಂಬಿದರು. ಎರಡನೆಯ ಸಾಲಿಗೆ ಸೇಲಂನವರೂ ಶುರು ಮಾಡಿದರು. ಭವ್ಯಶ್ರೀಯ ತಾತ ಫೋನು ಜೇಬಿಗೆ ಹಾಕಿ, ಕೈ ಎತ್ತಿ ತಾಳ ಹಾಕಿದರು.

ಸಪ್ಪಲಮ್ಮನಿಗೆ ಸಂತೋಷ ತಡೆಯಲಾಗಲಿಲ್ಲ. ಅವಳು ಹಾಡಿದಳು, ಇಡೀ ಮಂಟಪ ಹಿಂದೆ ಹೇಳಿತು. ನಡುವೆ ಒಂದು ಕಡೆ ಪದ ಮರೆತುಹೋಯಿತು, ಲಾಲಾಲಾ ಅಂದಳು. ಮಂಟಪವೂ ಲಾಲಾಲಾ ಅಂದಿತು. ಭವ್ಯಶ್ರೀ ವರನ ಪಕ್ಕ ಬಿಟ್ಟು ಬಂದು ಅತ್ತೆಯ ತೋಳು ಹಿಡಿದುಕೊಂಡು ಹಾಡಿದಳು. ಪ್ರಭು ಒಬ್ಬನೇ ನಿಂತು, ಫೋಟೋದವನು ಹೇಳಿದ ಕಡೆಗೆಲ್ಲ ತಿರುಗುತ್ತಾ ನಕ್ಕ. ಮುಗಿದಾಗ ‘ಒನ್ಸ್ ಮೋರ್’ ಎಂದು ಕೂಗಿದವರಲ್ಲಿ ಸಣ್ಣಯ್ಯನ ದನಿಯೇ ಜೋರು.

ಸಪ್ಪಲಮ್ಮ ಇಳಿದು ಬಂದು ಅತ್ತೆಯ ಪಕ್ಕದ ಕುರ್ಚಿಯಲ್ಲಿ ಕೂತಳು. ಮೈಯೆಲ್ಲ ಬೆವರು, ಮುಖದಲ್ಲಿ ನಗು. ಲಕ್ಷ್ಮಕ್ಕ ಚೆನ್ನಾಗಿತ್ತು ಅಂತ ಹೇಳಲಿಲ್ಲ. ಅದು ಅವಳ ಜಾಯಮಾನವಲ್ಲ. ಎಲೆಗೆ ಸುಣ್ಣ ಹಚ್ಚಿ, ಮಡಿಸಿ, ಸೊಸೆಯ ಕೈಗೆ ಕೊಟ್ಟಳು.

“ಬೆಳಿಗ್ಗೆ ಅರಿಶಿಣಕ್ಕೆ ನೀನೇ ಎತ್ತು,” ಅಂದಳು.

ಸಪ್ಪಲಮ್ಮನ ಕೈ ಎಲೆಯ ಸಮೇತ ನಿಂತುಹೋಯಿತು. ಹುಡುಗಿಗೆ ಅರಿಶಿಣ ಹಚ್ಚುವ ಹಾಡು ಎತ್ತುವುದೆಂದರೆ ಸಣ್ಣ ಮಾತಲ್ಲ. ಅದು ಎದ್ದ ಮೇಲೆಯೇ ಹೆಂಗಸರು ಅರಿಶಿಣದ ಬಟ್ಟಲಿಗೆ ಕೈ ಹಾಕುವುದು.

“ಯಾವ ಪದ ಎತ್ಲಿ ಅತ್ತೆ?”

“ಅದ್ನ ನನ್ನ ಏನು ಕೇಳ್ತೀಯಾ? ಎತ್ತೋಳು ನೀನು,” ಅಂದಳು ಲಕ್ಷ್ಮಕ್ಕ. “ನಾನು ಇಂದೆ ಏಳ್ತೀನಿ.”

ಬೆಳಿಗ್ಗೆ ಮಂಟಪದ ಒಳಮನೆಯಲ್ಲಿ ಭವ್ಯಶ್ರೀಯನ್ನು ಮಣೆಯ ಮೇಲೆ ಕೂರಿಸಿದರು. ಅರಿಶಿಣದ ಬಟ್ಟಲು ನಡುವೆ ಬಂತು. ಮೈಕು ಇರಲಿಲ್ಲ, ಪರದೆ ಇರಲಿಲ್ಲ. ಸಪ್ಪಲಮ್ಮ ಯಾರ ಮುಖವನ್ನೂ ನೋಡದೆ, ಹುಡುಗಿಯ ಕೆನ್ನೆ ಸವರಿ ಎತ್ತಿದಳು.

“ತೌರೂರ ದಾರೀಯ ತಿರುತಿರುಗಿ ನೋಡಬ್ಯಾಡ, ಈ ಊರ ಬಾಗಿಲೂ ನಿಂದೇನೆ ಸೋಬಾನೆ...”

ಕುಪ್ಪಮ್ಮ ತಲೆಯೆತ್ತಿದಳು. ಆ ಪದ ಆ ಹಳ್ಳಿಯ ಯಾರೂ ಕೇಳಿದ್ದಲ್ಲ. ಸಪ್ಪಲಮ್ಮನ ತವರಿನಲ್ಲಿ ಅವಳ ತಾಯಿ ಎತ್ತುತ್ತಿದ್ದ ಪದ ಅದು. ಅವಳ ಜೊತೆಯಲ್ಲಿಯೇ ಈ ಮನೆಗೆ ಬಂದು, ಇಷ್ಟು ವರ್ಷ ಎದೆಯೊಳಗೇ ಕೂತಿತ್ತು. ಲಕ್ಷ್ಮಕ್ಕನಿಗೂ ಗೊತ್ತಿರಲಿಲ್ಲ. ಸೀಮೆಗೆಲ್ಲ ಹಾಡು ಎತ್ತಿದ ಮುದುಕಿ ಮಂಡಿಯ ಮೇಲೆ ಕೈಯೂರಿ ಮುಂದಕ್ಕೆ ಬಾಗಿ, ಕಿವಿಗೊಟ್ಟು ಕೇಳಿ, ಒಂದೊಂದೇ ಸೊಲ್ಲನ್ನು ಸೊಸೆಯಿಂದ ಕಲಿತು ಹಿಂದೆ ಹೇಳಿದಳು.